ಹಪ್ಪಳ ಒಣಗುವ ತನಕ

ಮೇ ತಿಂಗಳು ಬಂತೆಂದರೆ ನಮ್ಮ ಕೇರಿಯಲ್ಲಿ ಎಲ್ಲರ ಕಣ್ಣೂ ಮೇಲೆಯೇ. ಅಂಗಳ ಗುಡಿಸುವಾಗ ಒಮ್ಮೆ, ಬಾವಿಯಿಂದ ಕೊಡ ಎಳೆಯುವಾಗ ಒಮ್ಮೆ, ಕೊಟ್ಟಿಗೆಗೆ ಹುಲ್ಲು ಹೊತ್ತು ಹೋಗುವಾಗ ಒಮ್ಮೆ ಮೂಡಣದ ಕಡೆ ನೋಡುತ್ತೇವೆ. ಈ ತಿಂಗಳ ಮಳೆ ನಮಗೆ ಹೆಚ್ಚಾಗಿ ಬರುವುದು ಅಲ್ಲಿಂದಲೇ. ಗುಡುಗು, ಸಿಡಿಲು, ಗಾಳಿ ಎಲ್ಲ ಕಟ್ಟಿಕೊಂಡು ಸಂಜೆ ನಾಲ್ಕರ ಹೊತ್ತಿಗೆ ಬರುತ್ತದೆ. ಒಂದು ತಾಸು ಸುರಿದು ಹೋಗುತ್ತದೆ. ಜೂನ್ ಮಳೆ ಹಾಗಲ್ಲ. ಅದು ಪಡುವಣದಿಂದ, ಸಮುದ್ರದ ಕಡೆಯಿಂದ ಬರುತ್ತದೆ. ಬಂದು ನಾಲ್ಕು ತಿಂಗಳು ಕೂತುಬಿಡುತ್ತದೆ. ಮೂಡಣದ ಮಳೆ ನೆಂಟರ ಹಾಗೆ, ಪಡುವಣದ ಮಳೆ ಮನೆಯವರ ಹಾಗೆ ಅಂತ ನಮ್ಮ ಅತ್ತೆ ಹೇಳುತ್ತಾರೆ.

ನಾವಿರುವುದು ಶಿರಸಿಯಿಂದ ಸುಮಾರು 20 ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ಒಟ್ಟು 11 ಮನೆ. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಬೆಟ್ಟ, ನಡುವೆ ನಾವು. ನಾನು ಮದುವೆಯಾಗಿ ಈ ಮನೆಗೆ ಬಂದು 22 ವರ್ಷವಾಯಿತು. ಅಷ್ಟೂ ಬೇಸಿಗೆಗಳನ್ನು ಇಲ್ಲೇ ಕಳೆದಿದ್ದೇನೆ.

ಪಂಚಾಂಗದಲ್ಲಿ ವೈಶಾಖ ಅಂದರೆ ವಸಂತ ಋತುವಿನ ಎರಡನೇ ತಿಂಗಳು. ಆದರೆ ನಮ್ಮಲ್ಲಿ ಯಾರ ಬಾಯಲ್ಲೂ ವಸಂತ ಅನ್ನುವ ಮಾತು ಬರುವುದಿಲ್ಲ. ನಾವು ಲೆಕ್ಕ ಹಾಕುವುದು ಮಳೆ ನಕ್ಷತ್ರಗಳಲ್ಲಿ. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಮೇ 25ರ ಹೊತ್ತಿಗೆ ರೋಹಿಣಿ, ಜೂನ್ ಮೊದಲ ವಾರ ಮುಗಿಯುತ್ತಿದ್ದಂತೆ ಮೃಗಶಿರ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಮೃಗಶಿರ ಹುಟ್ಟುವುದರೊಳಗೆ ಮನೆಯ ಎಲ್ಲ ಕೆಲಸ ಮುಗಿದಿರಬೇಕು. ಕಟ್ಟಿಗೆ ಒಳಗೆ ಬರಬೇಕು. ದರಕು ಬರಬೇಕು. ಮನೆಯ ಸುತ್ತ ಇರಿಚಲು ಹೊಡೆಯದ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ಅಡಿಕೆ ಕೊನೆಗಳಿಗೆ ಮದ್ದು ಹೊಡೆದಿರಬೇಕು. ಉಪ್ಪಿನಕಾಯಿ ಭರಣಿ ತುಂಬಿರಬೇಕು. ಹಪ್ಪಳ ಒಣಗಿ ಡಬ್ಬಿ ಸೇರಿರಬೇಕು. ಎಲ್ಲವೂ ಮುಂದೆ ಬರುವ ಮಳೆಗಾಗಿ. ಆದರೆ ನನಗೆ ಮಳೆಗಾಲಕ್ಕಿಂತ ಈ ತಯಾರಿಯ ತಿಂಗಳೇ ಜಾಸ್ತಿ ಇಷ್ಟ. ಯಾಕೆಂದರೆ ವರ್ಷದಲ್ಲಿ ನಾವು 11 ಮನೆಯವರೂ ಒಬ್ಬರ ಜಗಲಿಯಲ್ಲಿ ಒಬ್ಬರು ಕೂರುವ ತಿಂಗಳು ಇದೊಂದೇ.

ಕೆಲಸ ಶುರುವಾಗುವುದು ಅಪ್ಪೆಮಿಡಿಯಿಂದ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿಯಿಂದ. ಅದು ಮೇ ತನಕ ಕಾಯುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಯಬೇಕು, ಆಮೇಲೆ ಮಿಡಿಯೊಳಗೆ ಗೊರಟು ಗಟ್ಟಿಯಾಗುತ್ತದೆ. ಅಪ್ಪೆ ಮರ ಬೆಳೆಯುವುದು ಹೊಳೆಯ ದಡದಲ್ಲಿ, ಹಳ್ಳದ ಬದಿಯಲ್ಲಿ. ಎತ್ತರದ ಮರ. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯನ್ನು ಮೂಸಿ ನೋಡಿದರೆ ಸಾಕು, ಯಾವ ಮರದ್ದು ಅಂತ ನಮ್ಮ ಅತ್ತೆ ಹೇಳಿಬಿಡುತ್ತಾರೆ. ಒಂದಕ್ಕೆ ಜೀರಿಗೆ ವಾಸನೆ, ಇನ್ನೊಂದಕ್ಕೆ ಕರ್ಪೂರದ ವಾಸನೆ. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು. ಕೆಳಗೆ ಬೀಳಿಸಬಾರದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ಪೆಟ್ಟು ಬಿದ್ದ ಒಂದೇ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ.

ಒಂದು ವರ್ಷ ನನ್ನ ಮೈದುನ ಮರ ಹತ್ತಿದ್ದ. ಅರ್ಧ ಬುಟ್ಟಿ ತುಂಬಿತ್ತು. ಅಷ್ಟರಲ್ಲಿ ಅವನು ಹಿಡಿದ ಕೊಂಬೆಯಲ್ಲೇ ಚಗಳಿ ಗೂಡು. ಎಲೆ ಎಲೆ ಸೇರಿಸಿ ಹೊಲಿದ ದೊಡ್ಡ ಗೂಡು, ಕೆಳಗಿನಿಂದ ಕಾಣುವುದೇ ಇಲ್ಲ. ಕೈ ತಾಗಿತು. ಕೆಂಪಿರುವೆಗಳು ತೋಳಿಗೆ, ಕುತ್ತಿಗೆಗೆ, ಬೆನ್ನಿಗೆ ಹತ್ತಿದವು. ಅಷ್ಟು ಎತ್ತರದಲ್ಲಿ ಕೈ ಬಿಡುವ ಹಾಗಿಲ್ಲ. ನಾವು ಕೆಳಗೆ ನಿಂತು ಕೂಗುವುದು ಬಿಟ್ಟು ಏನೂ ಮಾಡುವ ಹಾಗಿರಲಿಲ್ಲ. ಅವನು ಮಾತ್ರ ಹಲ್ಲು ಕಚ್ಚಿಕೊಂಡು ಮೊದಲು ಬುಟ್ಟಿಯ ಹಗ್ಗ ಸಡಿಲಿಸಿ ನಿಧಾನ ಕೆಳಗೆ ಬಿಟ್ಟ. ಬುಟ್ಟಿ ನೆಲ ಮುಟ್ಟಿದ ಮೇಲೆಯೇ ತಾನು ಇಳಿದ. ಮೈಯೆಲ್ಲ ಕೆಂಪು ಬೊಬ್ಬೆ. ಆ ವರ್ಷದ ಉಪ್ಪಿನಕಾಯಿ ಬಡಿಸುವಾಗೆಲ್ಲ ಅತ್ತೆ ಮೊದಲ ಮಿಡಿಯನ್ನು ಅವನ ಎಲೆಗೇ ಹಾಕುತ್ತಿದ್ದರು. ಮರುವಾರ ಅದೇ ಚಗಳಿ ಗೂಡನ್ನು ಕೊಯ್ದು ತಂದು ಚಟ್ನಿ ಮಾಡಿಕೊಂಡರು ನಮ್ಮ ತೋಟದ ಕೆಲಸಕ್ಕೆ ಬರುವವರು. ಅವರ ಮನೆಯಲ್ಲಿ ಅದು ನೆಗಡಿ ಕೆಮ್ಮಿಗೆ ಮದ್ದು.

ದರಕಿನ ಕೆಲಸ ಇದಕ್ಕಿಂತ ಮೊದಲೇ ಶುರುವಾಗಿರುತ್ತದೆ. ಬೇರೆ ಕಡೆಯವರಿಗೆ ದರಕು ಅಂದರೆ ಗೊತ್ತಾಗಲಿಕ್ಕಿಲ್ಲ. ಬೇಸಿಗೆಯಲ್ಲಿ ಬೆಟ್ಟದಲ್ಲಿ ಉದುರುವ ಒಣ ಎಲೆ. ಗುಡಿಸಿ, ಹಗ್ಗದ ಕಲ್ಲಿಯಲ್ಲಿ ತುಂಬಿ, ಹೊತ್ತು ತಂದು ಕೊಟ್ಟಿಗೆಯ ಪಕ್ಕ ರಾಶಿ ಹಾಕುತ್ತೇವೆ. ಮಳೆಗಾಲದಲ್ಲಿ ದನದ ಕಾಲಡಿಗೆ ಹಾಸಲು ಅದೇ ಬೇಕು. ಆಮೇಲೆ ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಇದಕ್ಕಾಗಿಯೇ. ತೋಟದ ಜೀವ ಬೆಟ್ಟದಲ್ಲಿದೆ ಅನ್ನುವುದು ಆಗಿನವರಿಗೂ ಗೊತ್ತಿತ್ತು.

ಬೆಟ್ಟಕ್ಕೆ ಹೋದರೆ ಬರಿಗೈಲಿ ಬರುವುದಿಲ್ಲ. ಕೌಳಿ ಹಣ್ಣು ಕಪ್ಪಾಗಿರುತ್ತದೆ. ಬಿಳಿಮುಳ್ಳಿನ ಹಣ್ಣು ಬಿಳಿ ಮುತ್ತಿನ ಹಾಗೆ ಗೊಂಚಲು ಗೊಂಚಲು. ಮೇ ಕೊನೆಗೆ ನೇರಳೆ. ರಜೆಗೆ ಬಂದ ಮಕ್ಕಳೆಲ್ಲ ಎಲೆಯ ಕೊಟ್ಟೆ ಮಾಡಿಕೊಂಡು ಹೋಗುತ್ತಾರೆ. ಕೌಳಿ ಕಾಯಿಯ ಹಾಲು ತುಟಿಗೆ ಅಂಟಿಕೊಂಡು, ನೇರಳೆಯ ಬಣ್ಣ ನಾಲಿಗೆಗೆ ಹತ್ತಿಕೊಂಡು, ಕೈಕಾಲಿಗೆಲ್ಲ ಮುಳ್ಳು ಗೀರಿಸಿಕೊಂಡು ಬರುತ್ತಾರೆ. ನನ್ನ ಮಗಳಿಗೆ ಈಗ ಹದಿನಾರು. ಆದರೂ ಹೋಗುತ್ತಾಳೆ. ನಾನೂ ಹೋಗುತ್ತೇನೆ.

ಈ ಸುಖದ ಜೊತೆ ಒಂದು ಹೆದರಿಕೆಯೂ ಇದೆ, ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಉಣುಗು, ಅಂದರೆ ರಕ್ತ ಹೀರುವ ಉಣ್ಣಿ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ಪುಸ್ತಕಗಳಲ್ಲಿ ಇವತ್ತಿಗೂ ಆ ಕಾಯಿಲೆಗೆ ಆ ಕಾಡಿನದ್ದೇ ಹೆಸರು. ಅದನ್ನು ಹರಡುವುದು ಉಣುಗು. ಅದರ ಮರಿಗಳು ಎಷ್ಟು ಸಣ್ಣ ಅಂದರೆ ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಚಳಿಗಾಲದಲ್ಲಿ ಶುರುವಾಗಿ ಮಳೆ ಬೀಳುವ ತನಕ ಅವುಗಳ ಕಾಲ. ಅಂದರೆ ಸರಿಯಾಗಿ ನಾವು ದರಕು ಗುಡಿಸುವ, ಕಟ್ಟಿಗೆ ತರುವ ಕಾಲ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ ಬಂದರೆ ಆ ಕಡೆ ಯಾರೂ ಹೋಗುವುದಿಲ್ಲ, ಆರೋಗ್ಯ ಇಲಾಖೆಗೆ ತಿಳಿಸುತ್ತೇವೆ. ಉಳಿದ ದಿನ ಕೈಕಾಲಿಗೆ ಉಣುಗಿನ ಎಣ್ಣೆ ಹಚ್ಚಿ, ಉದ್ದ ತೋಳಿನ ಅಂಗಿ ಹಾಕಿ ಹೋಗುವುದು. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈ ತಿಕ್ಕಿ ಸ್ನಾನ. ಆಮೇಲೆ ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲ ಸಂದಿಯಲ್ಲಿ ದೀಪ ಹಿಡಿದು ಹುಡುಕುತ್ತೇನೆ. ಹಣ್ಣು ತಿನ್ನುವುದು ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಹಾಗೇ ಬಿಡುವ ಧೈರ್ಯವೂ ಇಲ್ಲ.

ಇನ್ನು ಹಪ್ಪಳ.

ಹಲಸಿನಲ್ಲಿ ಎರಡು ಜಾತಿ. ಬಕ್ಕೆ, ಅಂಬಲಿ. ಬಕ್ಕೆಯ ತೊಳೆ ಗಟ್ಟಿ, ಹಣ್ಣಾದರೂ ಕಚ್ಚಿ ತಿನ್ನಬಹುದು. ಅಂಬಲಿ ಹಣ್ಣಾದರೆ ಕೈಯಲ್ಲಿ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಹಪ್ಪಳಕ್ಕೆ ಬೇಕಾದ್ದು ಚೆನ್ನಾಗಿ ಬಲಿತ, ಆದರೆ ಇನ್ನೂ ಹಣ್ಣಾಗದ ಕಾಯಿ. ಒಂದು ದಿನ ಮೊದಲಾದರೆ ಹಿಟ್ಟು ಅಂಟುವುದಿಲ್ಲ. ಒಂದು ದಿನ ತಡವಾದರೆ ಸಿಹಿ ಹತ್ತಿ ಹಪ್ಪಳ ಕೆಂಪಾಗುತ್ತದೆ. ಮರದ ಕೆಳಗೆ ನಿಂತು ಕಾಯಿಯನ್ನು ತಟ್ಟಿ, ಸದ್ದು ಕೇಳಿ ನಮ್ಮ ಆಚೆಮನೆ ದೊಡ್ಡಮ್ಮ ಹೇಳುತ್ತಾರೆ, ಇದು ನಾಳೆಗೆ, ಅದು ನಾಡಿದ್ದಿಗೆ ಅಂತ. ಅವರು ಹೇಳಿದ್ದು ತಪ್ಪಿದ್ದನ್ನು ನಾನು ನೋಡಿಲ್ಲ.

ಹಿಂದಿನ ದಿನ ಮಧ್ಯಾಹ್ನವೇ ಫೋನು ಹೋಗುತ್ತದೆ. "ನಾಳೆ ನಮ್ಮನೆಲಿ ಹಪ್ಪಳ." ಅಷ್ಟೇ ಮಾತು. ಮಾರನೇ ದಿನ ಬೆಳಗ್ಗೆ ಏಳಕ್ಕೆ ಆರು ಮನೆಯ ಹೆಂಗಸರು ಜಗಲಿಯಲ್ಲಿ. ನಾಡಿದ್ದು ಅವರ ಮನೆಯಲ್ಲಿ, ಆಗ ನಾವು ಹೋಗುತ್ತೇವೆ. ಮುಯ್ಯಾಳು. ದುಡ್ಡಿನ ಲೆಕ್ಕ ಇಲ್ಲ, ದಿನದ ಲೆಕ್ಕ ಮಾತ್ರ.

ಗಂಡಸರು ಕಾಯಿ ಸೀಳಿ ಕೊಡುತ್ತಾರೆ. ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳದಿದ್ದರೆ ಮೇಣ ಬಿಡುವುದಿಲ್ಲ. ನಾವು ತೊಳೆ ಬಿಡಿಸಿ, ಬೇಳೆ ತೆಗೆದು, ಹಬೆಯಲ್ಲಿ ಬೇಯಿಸುತ್ತೇವೆ. ಬೆಂದ ತೊಳೆಯನ್ನು ಬಿಸಿ ಇರುವಾಗಲೇ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು. ಉಪ್ಪು, ಮೆಣಸಿನ ಪುಡಿ, ಕೊತ್ತಂಬರಿ, ಜೀರಿಗೆ, ಸ್ವಲ್ಪ ಇಂಗು. ಈಗ ಮೂರು ಮನೆಯಲ್ಲಿ ಯಂತ್ರ ಬಂದಿದೆ, ಹತ್ತು ನಿಮಿಷದಲ್ಲಿ ಹಿಟ್ಟು ತಯಾರು. ಒನಕೆಯಲ್ಲಿ ಕುಟ್ಟಿದ ಹಿಟ್ಟೇ ರುಚಿ ಅಂತ ಹೇಳುವವರಿದ್ದಾರೆ. ನನ್ನ ಭುಜ ಬಲ್ಲದು, ನಾನು ಯಂತ್ರದ ಪಕ್ಷ. ಆಮೇಲೆ ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು, ಮಣೆಯಲ್ಲಿ ಒತ್ತುವುದು. ಒತ್ತಿದ್ದನ್ನು ಮಕ್ಕಳು ಓಡಿ ಹೋಗಿ ಅಂಗಳದ ಚಾಪೆಯ ಮೇಲೆ ಹಾಕಿ ಬರುತ್ತಾರೆ.

ಹಿಟ್ಟಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಹಾಗೇ ತಿಂದವರಿಗೆ ಗೊತ್ತು ಅದರ ರುಚಿ. ಬಿಸಿ, ಖಾರ, ಮೆತ್ತಗೆ. ನೂರು ಹಪ್ಪಳದ ಹಿಟ್ಟಿನಲ್ಲಿ ಹತ್ತು ಹಪ್ಪಳದಷ್ಟು ಹೀಗೆಯೇ ಹೊಟ್ಟೆ ಸೇರುತ್ತದೆ. ಯಾರೂ ಬೇಡ ಅನ್ನುವುದಿಲ್ಲ. ಮಾರನೇ ದಿನ ಅರ್ಧ ಒಣಗಿದ ಹಪ್ಪಳವನ್ನು ಕೆಂಡದ ಮೇಲೆ ಸುಟ್ಟು, ಕಾಯಿಚೂರಿನ ಜೊತೆ ತಿನ್ನುವುದು ಇನ್ನೊಂದು ರುಚಿ. ಇವೆರಡೂ ಅಂಗಡಿಯಲ್ಲಿ ಸಿಗುವುದಿಲ್ಲ. ಹಪ್ಪಳ ಮಾಡುವ ಮನೆಯಲ್ಲಿ, ಹಪ್ಪಳ ಮಾಡಿದ ಎರಡು ದಿನ ಮಾತ್ರ.

ಹಿಟ್ಟು ಒತ್ತುತ್ತಾ ಆಡುವ ಮಾತುಗಳಿಗೆ ಲೆಕ್ಕವಿಲ್ಲ. ಯಾರ ಮಗಳಿಗೆ ಯಾವ ಊರಿನ ಹುಡುಗನನ್ನು ನೋಡಿದ್ದಾರೆ, ಯಾವ ಮದುವೆಯಲ್ಲಿ ಪಾಯಸ ಚೆನ್ನಾಗಿತ್ತು, ಯಾರ ಮನೆ ದನ ಕರು ಹಾಕಿತು. ಸುಮ್ನೆ ನಗುವುದೂ ಇದೆ. ಆದರೆ ಅದೊಂದೇ ಅಲ್ಲ. ಕೆಳಗಿನಮನೆ ಅತ್ತಿಗೆ ತನ್ನ ಕಾಯಿಲೆಯ ವಿಷಯವನ್ನು ಮೊದಲು ಬಾಯಿಬಿಟ್ಟಿದ್ದು ನಮ್ಮ ಜಗಲಿಯಲ್ಲಿ, ಹಪ್ಪಳ ಒತ್ತುವಾಗಲೇ. ಆರು ತಿಂಗಳಿಂದ ಒಬ್ಬಳೇ ಇಟ್ಟುಕೊಂಡಿದ್ದಳು. ಕೈ ಕೆಲಸದಲ್ಲಿ ಇರುವಾಗ, ಯಾರೂ ಯಾರ ಮುಖವನ್ನೂ ನೋಡದೆ ಇರುವಾಗ, ಅಂಥ ಮಾತು ಹೊರಗೆ ಬರುತ್ತದೆ. ನಾವು ಯಾರೂ ಕೈ ನಿಲ್ಲಿಸಲಿಲ್ಲ. ಆಚೆಮನೆ ದೊಡ್ಡಮ್ಮ ಮಾತ್ರ ತಮ್ಮ ಮಣೆಯನ್ನು ಅವಳ ಹತ್ತಿರ ಸರಿಸಿಕೊಂಡು ಕೂತರು. ಆ ವಾರವೇ ಅವಳನ್ನು ಕರೆದುಕೊಂಡು ಮೂವರು ಹುಬ್ಬಳ್ಳಿಗೆ ಹೋದೆವು. ಈಗ ಆರಾಮಿದ್ದಾಳೆ.

ಒಳ್ಳೆಯ ಬಿಸಿಲಿದ್ದರೆ ಹಪ್ಪಳಕ್ಕೆ ಮೂರು ದಿನ ಸಾಕು. ಆ ಮೂರು ದಿನ ಕಾಯಬೇಕು. ಕಾಗೆ, ಕೋಳಿ, ಮಂಗ, ನಾಯಿ. ಮಗಳು ಚಿಕ್ಕವಳಿದ್ದಾಗ ಕೋಲು ಕೊಟ್ಟು ಕೂರಿಸಿದ್ದೆ. ಅವಳು ಚಾಪೆಯ ಬದಿಯಲ್ಲೇ ಮಲಗಿಬಿಟ್ಟಳು. ಕೊಟ್ಟಿಗೆಯಿಂದ ಹಗ್ಗ ಬಿಚ್ಚಿಕೊಂಡ ಕರು ಬಂದು ಒಂದು ಚಾಪೆ ಪೂರ್ತಿ ಖಾಲಿ ಮಾಡಿತ್ತು. ಸುಮಾರು 40 ಹಪ್ಪಳ. ಅವಳು ಎದ್ದು ಕರುವಿನ ಬಾಯಿ ನೋಡಿ ಜೋರಾಗಿ ಅತ್ತಳು. ಹಪ್ಪಳ ಹೋದದ್ದಕ್ಕಲ್ಲ, ಮೆಣಸಿನ ಖಾರಕ್ಕೆ ಕರುವಿಗೆ ಏನಾದರೂ ಆಗುತ್ತದೆ ಅಂತ. ಅತ್ತೆ ಅದಕ್ಕೆ ಮಜ್ಜಿಗೆ ಕುಡಿಸಿದ ಮೇಲೆಯೇ ಅವಳ ಅಳು ನಿಂತದ್ದು.

ಮಳೆಯ ವಿಷಯಕ್ಕೆ ಬರುತ್ತೇನೆ. ಎರಡು ವರ್ಷ ನನಗೆ ಮರೆಯಲು ಆಗುವುದಿಲ್ಲ. ಒಂದು 2023, ಇನ್ನೊಂದು 2025.

2023ರಲ್ಲಿ ಮಳೆ ಬರಲೇ ಇಲ್ಲ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಆ ವರ್ಷ ಬಂದದ್ದು ಜೂನ್ 8ಕ್ಕೆ. ನಮ್ಮಲ್ಲಿ ಅದಕ್ಕೂ ಮೊದಲಿನ ಮೂಡಣದ ಮಳೆಯೂ ಸರಿಯಾಗಿ ಆಗಿರಲಿಲ್ಲ. ಮೇ ಮಧ್ಯದಲ್ಲಿ ನಮ್ಮ ಬಾವಿಯ ತಳ ಕಂಡಿತು. ಬೆಳಗ್ಗೆ ಎಂಟು ಕೊಡ ಸೇದಿದರೆ ಒಂಬತ್ತನೆಯದು ಕೆಸರು. ಮತ್ತೆ ಸಂಜೆ ತನಕ ಕಾಯಬೇಕು, ಒರತೆ ಕೂಡಲು. ತೋಟದ ಅಡಿಕೆ ಸಸಿಗಳು ಒಣಗಿ ತಲೆ ಬಾಗಿಸಿದವು. ಅವುಗಳನ್ನು ನೋಡಲು ಇವರು ತೋಟಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ನೀರು ಕೊಡಲು ಆಗದ ಮೇಲೆ ಅವುಗಳ ಎದುರು ಹೋಗಿ ನಿಲ್ಲುವುದು ಹೇಗೆ ಅಂತ ಒಂದು ರಾತ್ರಿ ಹೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಮೇಲಿನಮನೆಯವರ ಬೋರ್‌ವೆಲ್‌ನಲ್ಲಿ ಸ್ವಲ್ಪ ನೀರಿತ್ತು. ಅವರು ನಾವು ಕೇಳುವ ಮೊದಲೇ ಪೈಪು ಎಳೆದು ಕೆಳಗೆ ಬಿಟ್ಟರು. ದಿನಕ್ಕೆ ಅರ್ಧ ತಾಸು, ನಾಲ್ಕು ಮನೆಗೆ. ಬಟ್ಟೆ ಒಗೆಯಲು ಹೊಳೆಗೆ ಹೋದೆವು. ಹೊಳೆಯಲ್ಲೂ ಹರಿವಿರಲಿಲ್ಲ, ಬಂಡೆಗಳ ನಡುವೆ ಒಂದು ಗುಂಡಿ ಮಾತ್ರ ಉಳಿದಿತ್ತು. ನಾವು ಸಂಜೆ ಅಲ್ಲಿ ಸೇರುತ್ತಿದ್ದೆವು. ಮೀನು ಎಲ್ಲ ಆ ಗುಂಡಿಯಲ್ಲೇ ಸೇರಿದ್ದವು, ಕಾಲು ಇಳಿಬಿಟ್ಟರೆ ಬಂದು ಕಚ್ಚುತ್ತಿದ್ದವು. ಅದಕ್ಕೆ ಸಾಬೂನು ನೀರು ಹೋಗಬಾರದು ಅಂತ ನಾವೇ ನಿಯಮ ಮಾಡಿಕೊಂಡೆವು. ನೀರನ್ನು ಬಕೆಟ್ಟಿನಲ್ಲಿ ಎತ್ತಿ ಮೇಲೆ ದೂರದಲ್ಲಿ ಒಗೆಯುವುದು.

ಬಾವಿ ಒಣಗಿದಾಗಲೇ ಹೂಳು ತೆಗೆಯಲು ಸಮಯ. ಏಣಿ ಹಾಕಿ ಇವರು, ಮೈದುನ ಇಳಿದರು. ನಾವು ಮೇಲೆ ನಿಂತು ಬುಟ್ಟಿ ಎಳೆದೆವು. ಎರಡು ದಿನ. ಹೂಳಿನಲ್ಲಿ ಎರಡು ಬಕೆಟ್ಟು, ಒಂದು ತಾಮ್ರದ ಕೊಡ, ಮಕ್ಕಳ ಲೋಟಗಳು, ಹಿಡಿ ಇಲ್ಲದ ಒಂದು ಕತ್ತಿ ಸಿಕ್ಕವು. ಆ ಕತ್ತಿ ನಮ್ಮದಲ್ಲ. ನಮ್ಮ ಬಾವಿಯಲ್ಲಿ ಹೇಗೆ ಬಂತೋ. ಮೂರು ಮನೆಯವರು ಬಂದು ನೋಡಿದರು. ಮೂವರೂ ಅದು ತಮ್ಮ ಅಜ್ಜನ ಕತ್ತಿ ಅಂದರು. ಕೊನೆಗೆ ಅದು ನಮ್ಮ ಕೊಟ್ಟಿಗೆಯ ಗೋಡೆಯಲ್ಲೇ ನೇತಾಡುತ್ತಿದೆ. ಯಾರಿಗೆ ಬೇಕಾದರೂ ತಗೊಂಡು ಹೋಗಿ ಕೆಲಸ ಮಾಡಿ ತಂದಿಡುತ್ತಾರೆ.

ಆ ವರ್ಷ ಹಪ್ಪಳ ಮಾತ್ರ ಬಹಳ ಚೆನ್ನಾಗಿ ಒಣಗಿತು. ಒಂದೂ ಕೆಡಲಿಲ್ಲ. ಡಬ್ಬಿ ತುಂಬಿಸುವಾಗ ಅತ್ತೆ ಹೇಳಿದ್ದು ನೆನಪಿದೆ. "ಇಷ್ಟು ಒಣಗದು ಬ್ಯಾಡಾಗಿತ್ತು."

2025 ತಿರುಗಾಮುರುಗಾ. ಮೇ ಮೊದಲ ವಾರದಲ್ಲೇ ಮೂಡಣದ ಮಳೆ ಚೆನ್ನಾಗಿ ಶುರುವಾಯಿತು. ಒಂದು ಸಂಜೆ ಬಂದ ಗಾಳಿಗೆ ನಮ್ಮ ತೋಟದಲ್ಲೇ 30ಕ್ಕೂ ಜಾಸ್ತಿ ಅಡಿಕೆ ಮರ ನಡುವಿನಲ್ಲಿ ಮುರಿದವು. ಫಲ ಕೊಡುತ್ತಿದ್ದ ಮರಗಳು. ಸಸಿ ನೆಟ್ಟು ಅಷ್ಟು ದೊಡ್ಡದು ಮಾಡಲು ಏಳೆಂಟು ವರ್ಷ ಬೇಕು, ಮುರಿಯಲು ಒಂದು ಗಳಿಗೆ ಸಾಕಾಯಿತು. ವಿದ್ಯುತ್ ಕಂಬಗಳೂ ಬಿದ್ದವು. ಗುಡುಗು ಕೇಳಿದ ಕೂಡಲೇ ಮನೆಯ ಎಲ್ಲ ಪ್ಲಗ್ಗು ಕೀಳುವುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅವತ್ತು ಇಂಟರ್‌ನೆಟ್ಟಿನ ಪೆಟ್ಟಿಗೆ ಒಂದನ್ನು ಮರೆತಿದ್ದೆವು. ಸಿಡಿಲಿಗೆ ಸುಟ್ಟು ಕಪ್ಪಾಯಿತು.

ಐದು ದಿನ ಕರೆಂಟಿಲ್ಲ. ಎರಡನೇ ದಿನಕ್ಕೆ ಮೊಬೈಲ್ ಸಿಗ್ನಲ್ಲೂ ಹೋಯಿತು. ಮೂರನೇ ರಾತ್ರಿ ಊಟ ಮಾಡಿ ಎಲ್ಲರೂ ನಮ್ಮ ಜಗಲಿಯಲ್ಲಿ ಕೂತಿದ್ದೆವು. ಗಂಡಸರು ಕವಳ ಹಾಕುತ್ತಿದ್ದರು. ಚಿಮಣಿ ದೀಪವನ್ನೂ ಆರಿಸಿದ್ದೆವು, ಹಾತೆ ಬಂದು ಬೀಳುತ್ತವೆ ಅಂತ. ಆಗ ಮಗಳು ಹಳ್ಳದ ಬದಿಯ ಮರ ತೋರಿಸಿದಳು. ಮಿಂಚುಹುಳ. ಒಂದೆರಡಲ್ಲ, ಇಡೀ ಮರ. ಕೆಳಗಿನ ಕೊಂಬೆಯಿಂದ ತುದಿಯ ತನಕ ಒಟ್ಟಿಗೆ ಹೊತ್ತಿಕೊಳ್ಳುವುದು, ಒಟ್ಟಿಗೆ ಆರುವುದು. ಮತ್ತೆ ಹೊತ್ತಿಕೊಳ್ಳುವುದು. ಪಕ್ಕದ ಮರ ಒಂದು ಕ್ಷಣ ತಡವಾಗಿ ಅದನ್ನೇ ಮಾಡುತ್ತಿತ್ತು. ಮಳೆಗಾಲಕ್ಕೆ ಮುಂಚೆ ಹತ್ತು ಹದಿನೈದು ದಿನ ಮಾತ್ರ ಹೀಗೆ. ಪ್ರತಿ ವರ್ಷವೂ ಇರುತ್ತದೆ. ನಮ್ಮ ಜಗಲಿಯ ಬಲ್ಬಿನ ಬೆಳಕಿಗೆ ನಾನು ಎಷ್ಟೋ ವರ್ಷ ಸರಿಯಾಗಿ ನೋಡಿರಲಿಲ್ಲ. ಆಚೆಮನೆ ದೊಡ್ಡಮ್ಮ ಎದ್ದು ಅಂಗಳಕ್ಕೆ ಇಳಿದು ತುಂಬ ಹೊತ್ತು ನಿಂತರು. ಮಾತೇ ಆಡಲಿಲ್ಲ. ಕರೆಂಟು ಬಂದ ಮೇಲೂ ಆ ತಿಂಗಳಿಡೀ ರಾತ್ರಿ ಎಂಟೂವರೆಗೆ ಜಗಲಿ ದೀಪ ಆರಿಸುವುದನ್ನು ನಮ್ಮ ಕೇರಿಯವರೆಲ್ಲ ರೂಢಿ ಮಾಡಿಕೊಂಡೆವು.

ಅಷ್ಟರಲ್ಲಿ ಮದುವೆಗಳು. ವೈಶಾಖ ಅಂದರೆ ಮದುವೆ, ಮುಂಜಿ. ವಾರಕ್ಕೆ ಮೂರು ಊಟ. ಹಾಗಾಗಿ ಹಪ್ಪಳ ಮುಂದೆ ಮುಂದೆ ಹೋಯಿತು. ಕೃತ್ತಿಕೆಯಲ್ಲಿ ನಾಲ್ಕು ದಿನ ಬಿಸಿಲು ಸಿಕ್ಕೇ ಸಿಗುತ್ತದೆ ಅನ್ನುವುದು ನಮ್ಮ ಹಳೆಯ ಲೆಕ್ಕ. ಮೇ 18ಕ್ಕೆ ಹಪ್ಪಳ ಹಾಕಿದೆವು. ಮೂರು ಕಾಯಿ, ಮುನ್ನೂರರ ಮೇಲೆ ಹಪ್ಪಳ. ಮೊದಲ ದಿನ ಬಿಸಿಲಿತ್ತು. ಎರಡನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು.

"ತಂಗಿ, ಮೋಡ ಕಟ್ತಾ ಇದ್ದು. ಒಳಗೆ ತಗಳವು," ಅಂದರು ಅತ್ತೆ. ನಾನು ಮೂಡಣಕ್ಕೆ ನೋಡಿದೆ. ಆ ಕಡೆ ಬೆಳ್ಳಗೆ ಇತ್ತು. ಅನ್ನ ಮುಗಿಸಿ ಏಳುತ್ತೇನೆ ಅಂದೆ. ಮೋಡ ಕಟ್ಟಿದ್ದು ಪಡುವಣದಲ್ಲಿ. ಮೇ ತಿಂಗಳಲ್ಲಿ ಆ ಕಡೆ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಗುಡುಗಿಲ್ಲ, ಗಾಳಿಯಿಲ್ಲ. ಮಜ್ಜಿಗೆ ಬಡಿಸುವ ಹೊತ್ತಿಗೆ ಹನಿ ಬಿತ್ತು. ಎಂಜಲು ಕೈಯಲ್ಲೇ ಓಡಿದೆವು. ಆಚೆಮನೆಯಿಂದ ಇಬ್ಬರು, ಕೆಳಗಿನಮನೆಯಿಂದ ಅತ್ತಿಗೆ ಓಡಿ ಬಂದರು. ಎಂಟು ಚಾಪೆ. ಐದು ಒಳಗೆ ಬಂದವು. ಮೂರು ಪೂರ್ತಿ ನೆನೆದವು.

ಆ ಮಳೆ ನಿಲ್ಲಲಿಲ್ಲ. ಮುಂಗಾರು ಕೇರಳಕ್ಕೆ ಬಂತು ಅಂತ ಹವಾಮಾನ ಇಲಾಖೆ ಹೇಳಿದ್ದು ಮೇ 24ಕ್ಕೆ. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ರೋಹಿಣಿ ಹುಟ್ಟುವ ಮೊದಲೇ ನಮ್ಮಲ್ಲಿ ಮಳೆಗಾಲ ಶುರುವಾಗಿತ್ತು. ಅರ್ಧ ಕಟ್ಟಿಗೆ ಹೊರಗೆ. ತಟ್ಟಿ ಕಟ್ಟಿರಲಿಲ್ಲ, ಜಗಲಿ ಇಡೀ ಇರಿಚಲು. ಅಡಿಕೆಗೆ ಮದ್ದು ಹೊಡೆದಿರಲಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎಲ್ಲ ತಂದು ಮೂಲೆಯಲ್ಲಿ ಇಟ್ಟಿತ್ತು. ಕೊನೆಗೌಡ ಬಂದು ಮರ ಹತ್ತಲು ಮರ ಒಣಗಿರಬೇಕಲ್ವಾ? ಒದ್ದೆ ಮರ ಹತ್ತಿಸುವುದು ಅಂದರೆ ಅವರ ಜೀವದ ಜೊತೆ ಆಡಿದ ಹಾಗೆ. ಇವರು ಹತ್ತು ದಿನ ಕಾದರು. ಆ ಹತ್ತು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಕೊಳೆ ರೋಗ ಬಂದರೆ ವರ್ಷದ ಬೆಳೆ ನೆಲದಲ್ಲಿ.

ಹಪ್ಪಳದ ಕೆಲಸ ನನ್ನದು, ಅತ್ತೆಯದು. ಪೂರ್ತಿ ನೆನೆದವು ಹಿಟ್ಟಾಗಿ ಹೋಗಿದ್ದವು, ದನಕ್ಕೆ ಹಾಕಿದೆವು. ಉಳಿದ ಇನ್ನೂರನ್ನು ಹಾಸಿಗೆಯ ಮೇಲೆ, ಮಂಚದ ಮೇಲೆ, ಮಗಳ ಓದುವ ಮೇಜಿನ ಮೇಲೆ ಹರಡಿದೆವು. ಫ್ಯಾನ್ ಹಾಕೋಣ ಅಂದರೆ ಕರೆಂಟು ಬರುತ್ತಿತ್ತು, ಹೋಗುತ್ತಿತ್ತು. ಮೂರನೇ ದಿನ ಕೆಲವಕ್ಕೆ ಬೂಸು ಹಿಡಿಯಿತು. ನಾನು ಎಲ್ಲ ಎತ್ತಿ ಎಸೆಯೋಣ ಅಂದೆ. ಅನ್ನ ಮುಗಿಸಿ ಏಳುತ್ತೇನೆ ಅಂದದ್ದು ನಾನೇ ಅಲ್ವಾ, ಅದು ಚುಚ್ಚುತ್ತಿತ್ತು. ಅತ್ತೆ ಏನೂ ಹೇಳಲಿಲ್ಲ. ಬಚ್ಚಲುಮನೆಗೆ ಹೋಗಿ ಹಂಡೆಯ ಒಲೆಗೆ ದೊಡ್ಡ ಕುಂಟೆ ಎರಡು ಒಟ್ಟಿದರು. ಒಲೆಯ ಮೇಲೆ ಬಿದಿರಿನ ಅಟ್ಟ ಇದೆ, ಅವರ ಅತ್ತೆಯ ಕಾಲದ್ದು. ಮಸಿ ಹಿಡಿದು ಕಪ್ಪಾಗಿದೆ. ಅದಕ್ಕೆ ಹಳೆಯ ಸೀರೆ ಹಾಸಿ, ಬೂಸು ಬಾರದ ಹಪ್ಪಳವನ್ನು ಒಂದೊಂದಾಗಿ ಆರಿಸಿ ಹರಡಿದರು. ಆರು ದಿನ ಒಲೆ ಆರಲಿಲ್ಲ. ರಾತ್ರಿ ಎರಡು ಸಲ ಎದ್ದು ಅವರು ಬೆಂಕಿ ಮುಂದೂಡುತ್ತಿದ್ದರು. ಒಂದು ಸಲ ನಾನು ಎದ್ದು ಹೋದಾಗ ಅವರು ಒಲೆಯ ಎದುರು ಮಣೆ ಹಾಕಿ ಕೂತು ಹಪ್ಪಳ ತಿರುವುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಹೊರಗೆ ಹಂಚಿನ ಮೇಲೆ ಮಳೆ. ಅವರ ಅತ್ತೆ ಕೂಡ ಒಂದು ವರ್ಷ ಹೀಗೆಯೇ ಒಣಗಿಸಿದ್ದರಂತೆ. ಆಗ ನಮ್ಮ ಅತ್ತೆಗೆ ಹದಿನೆಂಟು. ಅವತ್ತು ಚಾಪೆ ಎತ್ತಲು ಮರೆತದ್ದು ತಾನೇ ಅಂದರು.

150 ಹಪ್ಪಳ ಉಳಿದವು. ಬಣ್ಣ ಕಂದು. ಮೂಸಿದರೆ ಹೊಗೆ ವಾಸನೆ. ನೆಂಟರಿಗೆ ಕೊಡುವ ಹಾಗಿಲ್ಲ ಅಂತ ಬೇರೆ ಡಬ್ಬಿಯಲ್ಲಿ ತುಂಬಿಟ್ಟೆ. ಜುಲೈನಲ್ಲಿ ಒಂದು ಸಂಜೆ, ಹೊರಗೆ ಕಾಲಿಡಲು ಆಗದ ಮಳೆ, ಕೆಸುವಿನ ಸೊಪ್ಪಿನ ಕರಕಲಿ ಮಾಡಿದ್ದೆ. ಆ ಡಬ್ಬಿ ತೆಗೆದು ಹತ್ತು ಕರಿದೆ. ಮಗಳು ಒಂದು ಮುರಿದು ಬಾಯಿಗಿಟ್ಟು ಸುಮ್ಮನಾದಳು. ಮತ್ತೆ ಇನ್ನೊಂದು ತಗೊಂಡಳು. ಆಗಸ್ಟ್ ಮುಗಿಯುವ ಮೊದಲೇ ಆ ಡಬ್ಬಿ ಖಾಲಿ. ಬಿಸಿಲಲ್ಲಿ ಒಣಗಿದ ಹಿಂದಿನ ವರ್ಷದ ಹಪ್ಪಳ ಇನ್ನೂ ಹಾಗೇ ಇತ್ತು.

ಈ ಸಲ ಬಿಸಿಲಿದೆ. ನಾಳೆ ನಮ್ಮ ಮನೆಯಲ್ಲಿ ಹಪ್ಪಳ, ಫೋನು ಹೋಗಿದೆ. ಕಾಯಿಗಳು ಜಗಲಿಯ ಮೂಲೆಯಲ್ಲಿ ಬಂದು ಕೂತಿವೆ. ಮಗಳು ಹಾಸ್ಟೆಲ್ಲಿಂದ ಫೋನು ಮಾಡಿದ್ದಳು. ಪರೀಕ್ಷೆ ಹೇಗಾಯಿತು ಅಂತ ನಾನು ಕೇಳುವ ಮೊದಲೇ ಅವಳು ಕೇಳಿದಳು. "ಆಯಿ, ಈ ವರ್ಷ ಹೊಗೆ ಹಪ್ಪಳ ಇದ್ದಾ?"

ನಾನು ಬಚ್ಚಲುಮನೆಯ ಕಡೆ ನೋಡಿದೆ. ಅತ್ತೆ ಏಣಿ ಹತ್ತಿ ಅಟ್ಟದ ಮಸಿ ಒರೆಸುತ್ತಿದ್ದರು.